ಕಟ್ಟಡದ ಬೆಲೆ ಸೊನ್ನೆ ಎಂದು ಬರೆಯುವ ಮೊದಲು: ಚಾಮರಾಜಪೇಟೆಯ ಒಂದು ವಠಾರದ ಮಾರಾಟದ ಬಗ್ಗೆ ಬಹಿರಂಗ ಪತ್ರ

ಇವರಿಗೆ,
ಮಾನ್ಯ ಆಯುಕ್ತರು ಹಾಗೂ ನಗರ ಯೋಜನಾ ವಿಭಾಗದ ಅಧಿಕಾರಿಗಳು,
ಬೆಂಗಳೂರು

ವಿಷಯ: ಹಳೆಯ ಬಡಾವಣೆಗಳ ವಠಾರಗಳನ್ನು ಕೆಡಹಲು ಪರವಾನಗಿ ಕೊಡುವ ಮುನ್ನ ಸ್ಥಳ ಪರಿಶೀಲನೆ ನಡೆಸುವ ಕುರಿತು.

ಮಾನ್ಯರೇ,

ಚಾಮರಾಜಪೇಟೆಯ ಒಂದು ಅಡ್ಡರಸ್ತೆಯಲ್ಲಿ ಆರು ಸಂಸಾರಗಳ ವಠಾರವೊಂದು ಮಾರಾಟಕ್ಕಿದೆ. ದಲ್ಲಾಳಿಗಳು ಮೊಬೈಲಿನಿಂದ ಮೊಬೈಲಿಗೆ ದಾಟಿಸುತ್ತಿರುವ ವಿವರ ಇಷ್ಟೇ: 40×90 ಸೈಟು, ಪೂರ್ವ ದಿಕ್ಕು, ಮೆಟ್ರೊಗೆ ನಡೆದೇ ಹೋಗಬಹುದು, ಹಳೇ ಬಿಲ್ಡಿಂಗು, ಸೈಟ್ ರೇಟು ಮಾತ್ರ. ಈ ಕೊನೆಯ ಮೂರು ಪದಗಳ ಬಗ್ಗೆಯೇ ಈ ಪತ್ರ. ಕಟ್ಟಡಕ್ಕೆ ಬೆಲೆಯೇ ಇಲ್ಲ, ಕೆಡಹುವ ಖರ್ಚನ್ನೂ ಕಳೆದು ಕೊಡಿ ಎಂದು ಕೊಳ್ಳುವವರು ಚೌಕಾಸಿ ಮಾಡುತ್ತಾರೆ, ಮಾರುವವರು ಒಪ್ಪುತ್ತಾರೆ. ಆ ಕಟ್ಟಡ ನಿಜವಾಗಿ ಯಾವ ಸ್ಥಿತಿಯಲ್ಲಿದೆ ಎಂದು ಒಳಗೆ ಹೋಗಿ ನೋಡಿದವರು ಇಬ್ಬರಲ್ಲಿ ಯಾರೂ ಇರುವುದಿಲ್ಲ. ಮುಂದೆ ನಿಮ್ಮ ಮುಂದೆ ಬರುವ ಕಡತದಲ್ಲೂ ಖಾತೆ, ತೆರಿಗೆ ರಸೀದಿ, ಹೊಸ ನಕ್ಷೆ ಇರುತ್ತವೆ. ತೊಲೆ ಗಟ್ಟಿಯಿದೆಯೇ, ಒಳಗೆ ಎಷ್ಟು ಸಂಸಾರಗಳಿವೆ, ಪಕ್ಕದ ಮನೆಯ ಗೋಡೆ ಯಾವುದರ ಮೇಲೆ ನಿಂತಿದೆ ಎಂಬ ಒಂದು ಹಾಳೆಯೂ ಇರುವುದಿಲ್ಲ.

ನಾವು ಹಳೆಯ ಮನೆಗಳ ಗಾರೆ ಕೆಲಸ, ಮರಗೆಲಸ, ಕಾಗದಪತ್ರಗಳ ಪರಿಶೀಲನೆಯಲ್ಲಿ ತೊಡಗಿರುವವರು. ಈ ವಠಾರವನ್ನು ಮುಂದಿಟ್ಟುಕೊಂಡು ನಮಗೆ ಗೊತ್ತಿರುವುದನ್ನು ನಿಮ್ಮ ಗಮನಕ್ಕೆ ತರುತ್ತಿದ್ದೇವೆ. ಬಸವನಗುಡಿ, ಮಲ್ಲೇಶ್ವರ, ಶಂಕರಪುರದ ಇಂಥ ಮನೆಗಳಿಗೂ ಇದರ ಬಹುಪಾಲು ಅನ್ವಯಿಸುತ್ತದೆ.

ಚಾಮರಾಜಪೇಟೆ 1892ರಲ್ಲಿ ರೂಪುಗೊಂಡ ಬಡಾವಣೆ. ಚಾಮರಾಜೇಂದ್ರ ಒಡೆಯರ ಹೆಸರು ಹೊತ್ತದ್ದು. 1898ರ ಪ್ಲೇಗಿನಲ್ಲಿ ಪೇಟೆಯ ಇಕ್ಕಟ್ಟಿನ ಓಣಿಗಳಿಂದ ಜನ ಹೊರಗೆ ಬಂದಾಗ ಇಂಥ ಬಡಾವಣೆಗಳ ನೇರ ರಸ್ತೆ, ಗಾಳಿ ಬೆಳಕು ಬಹಳ ಸಂಸಾರಗಳಿಗೆ ಆಸರೆಯಾದವು. ವಠಾರ ಬೆಳೆದದ್ದು ಅದೇ ಅಗತ್ಯದಿಂದ. ಬೀದಿಗೆ ಮುಖಮಾಡಿ ಜಗಲಿಯಿರುವ ಎರಡು ದೊಡ್ಡ ಮನೆ, ನಡುವೆ ನಾಲ್ಕಡಿಯ ಓಣಿ, ಓಣಿಯ ಎರಡೂ ಬದಿಗೆ ಎರಡೆರಡು ಚಿಕ್ಕ ಮನೆ, ಕೊನೆಯಲ್ಲಿ ಬಾವಿ ಮತ್ತು ಬಚ್ಚಲುಮನೆಗಳು, ಅದರಾಚೆ ಹಿಂಬಾಗಿಲು. ಮಲ ಹೊರುವ ಪದ್ಧತಿಯಿದ್ದ ಕಾಲದ ಕನ್ಸರ್ವೆನ್ಸಿ ಗಲ್ಲಿ ಆ ಹಿಂಬಾಗಿಲಿನಾಚೆ ಈಗಲೂ ಇದೆ. ಈ ಮನೆಯ ಮುಂದಿನ ಗೋಡೆಗೆ ಒಂದು ಮರದ ಹಲಗೆ ಹೊಡೆದು ಅದರ ಮೇಲೆ ಆರು ಮೀಟರು ಕೂರಿಸಿದ್ದಾರೆ. ಒಂದೊಂದಕ್ಕೂ ಬಿಳಿ ಬಣ್ಣದಲ್ಲಿ ಆರ್‌ಆರ್ ನಂಬರು, ಅಂದರೆ ವಿದ್ಯುತ್ ಸಂಪರ್ಕದ ಸಂಖ್ಯೆ, ಬರೆದಿದೆ. ಕಾವೇರಿ ನೀರಿನ ಸಂಪರ್ಕ ಮಾತ್ರ ಇಡೀ ವಠಾರಕ್ಕೆ ಒಂದೇ.

ಮೊದಲು ಕಟ್ಟಡದ ಮಾತು. ಗೋಡೆ ಒಂದೂವರೆ ಇಟ್ಟಿಗೆಯದು, ಗಿಲಾವು ಸೇರಿ ಹದಿನಾಲ್ಕು ಇಂಚಿನ ಮೇಲೆ. ಬೆಸುಗೆ ಸುಣ್ಣದ ಗಾರೆ. ಮುಂದಿನ ಎರಡು ಮನೆಗೆ ಮದ್ರಾಸ್ ತಾರಸಿ, ಹಿಂದಿನ ನಾಲ್ಕಕ್ಕೆ ಮಂಗಳೂರು ಹೆಂಚು. ಮದ್ರಾಸ್ ತಾರಸಿಯನ್ನು ಕಟ್ಟುವ ಕ್ರಮ ಹೀಗೆ: ಸುಮಾರು ಒಂದರಿಂದ ಒಂದೂವರೆ ಅಡಿಗೊಂದರಂತೆ ತೇಗದ ಜಂತೆ (ಚಾವಣಿ ಹೊರುವ ಅಡ್ಡಮರ) ಇಡುತ್ತಾರೆ. ಅದರ ಮೇಲೆ ಒಂದಿಂಚು ದಪ್ಪದ ತೆಳು ಇಟ್ಟಿಗೆಯನ್ನು ಮಗ್ಗುಲಾಗಿ ನಿಲ್ಲಿಸಿ, ಮೂಲೆಯಿಂದ ಮೂಲೆಗೆ ಓರೆಯಾಗಿ, ಗಾರೆಯಲ್ಲಿ ಕಚ್ಚಿಸುತ್ತಾರೆ. ಮೇಲೆ ಮೂರಿಂಚಿನಷ್ಟು ಇಟ್ಟಿಗೆ ಜಲ್ಲಿ ಸುಣ್ಣ ಹಾಕಿ, ದಿನಗಟ್ಟಲೆ ಮರದ ದಿಮ್ಮಿಯಿಂದ ಬಡಿದು ಗಟ್ಟಿ ಮಾಡುತ್ತಾರೆ. ಬಡಿಯುವಾಗ ಬೆಲ್ಲದ ನೀರು, ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾರೆ. ಕೊನೆಗೆ ಚಪ್ಪಟೆ ಬಿಲ್ಲೆ. ಈ ಚಾವಣಿಯಲ್ಲಿ ಕಬ್ಬಿಣವೇ ಇಲ್ಲ. ಹಾಗಾಗಿ ನಲವತ್ತು ವರ್ಷದ ಆರ್‌ಸಿಸಿ ಮನೆಗಳಲ್ಲಿ ಸರಳು ತುಕ್ಕು ಹಿಡಿದು, ಊದಿ, ಕಾಂಕ್ರೀಟು ಕಳಚಿ ಬೀಳುವ ತೊಂದರೆ ಇದಕ್ಕೆ ಬರುವುದಿಲ್ಲ. ಇದಕ್ಕೆ ಬರುವ ರೋಗಗಳೇ ಬೇರೆ, ಅವಕ್ಕೆ ಮದ್ದೂ ಇದೆ.

ಒಂದು, ಜಂತೆಯ ತುದಿ. ಗೋಡೆಯೊಳಗೆ ಕೂತ ಆರೆಂಟು ಇಂಚಿಗೆ ತೇವ ತಗುಲಿ ಗೆದ್ದಲು ಹಿಡಿಯುತ್ತದೆ. ಹೊರಗೆ ಕಾಣುವ ಉದ್ದವೆಲ್ಲ ಗಟ್ಟಿಯಾಗಿರುತ್ತದೆ. ಸುತ್ತಿಗೆಯಿಂದ ಗೋಡೆಯ ಪಕ್ಕದಲ್ಲಿ ತಟ್ಟಿದರೆ ಟೊಳ್ಳು ದನಿ ಬರುತ್ತದೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಕ್ಕಿಳಿಯುತ್ತದೆ. ಹತ್ತಡಿ ಜಂತೆ ನಡುವೆ ಅರ್ಧ ಇಂಚಿಗಿಂತ ಹೆಚ್ಚು ಬಾಗಿದ್ದರೆ ಅದನ್ನು ಗುರುತು ಹಾಕಿಕೊಳ್ಳಬೇಕು. ಹಾಳಾದ ತುದಿಗೆ ಇಡೀ ಚಾವಣಿ ತೆಗೆಯಬೇಕಿಲ್ಲ. ಎರಡೂ ಪಕ್ಕಕ್ಕೆ ಜಾಕಿ ಕೊಟ್ಟು ಭಾರ ಹಿಡಿದು, ಕೊಳೆತ ತುದಿ ಕೊಯ್ದು, ಎರಡು ಬದಿಗೆ ಉಕ್ಕಿನ ಪಟ್ಟಿ ಸೇರಿಸಿ ಬೋಲ್ಟು ಬಿಗಿದು, ಗೋಡೆಯಲ್ಲಿ ಕಲ್ಲಿನ ದಿಂಡಿನ ಮೇಲೆ ಕೂರಿಸಿದರೆ ಆಯಿತು. ಮರದ ತುದಿಯ ಸುತ್ತ ಬೆರಳಗಲ ಗಾಳಿಗೆ ಜಾಗ ಬಿಡುವುದನ್ನು ಮಾತ್ರ ಮರೆಯಬಾರದು. ಸಿಮೆಂಟಿನಲ್ಲಿ ಮುಚ್ಚಿಬಿಟ್ಟರೆ ಅದೇ ರೋಗ ಮರಳಿ ಬರುತ್ತದೆ.

ಎರಡು, ಮೇಲೆ ಸುರಿದ ಸಿಮೆಂಟು. ಸೋರಿದಾಗಲೆಲ್ಲ ಒಂದೊಂದು ಪದರ ಹಾಕಿಸುವುದು ರೂಢಿ. ಒಂದು ಚದರ, ಅಂದರೆ ನೂರು ಚದರಡಿ ತಾರಸಿಯ ಮೇಲೆ ಎರಡಿಂಚು ಸಿಮೆಂಟು ಹಾಕಿದರೆ ಸುಮಾರು ಒಂದು ಟನ್ ಭಾರ. ಅದರ ಮೇಲೆ ಸಾವಿರ ಲೀಟರಿನ ಟ್ಯಾಂಕು ಕೂರಿಸಿದರೆ ನೀರಿನದ್ದೇ ಇನ್ನೊಂದು ಟನ್. ನೂರು ವರ್ಷದ ಜಂತೆ ಬಾಗಿದೆ ಎಂದು ದೂರುವ ಮೊದಲು ಅದರ ತಲೆಯ ಮೇಲೆ ಏನಿದೆ ಎಂದು ನೋಡಬೇಕು. ಈ ವಠಾರದ ಮುಂದಿನ ಮನೆಯ ಮೇಲೆ ಇಂಥ ಎರಡು ಪದರಗಳಿವೆ. ಅವನ್ನು ಕಿತ್ತು, ಟ್ಯಾಂಕನ್ನು ಗೋಡೆಗಳ ಮೇಲೆ ನಿಲ್ಲುವ ಉಕ್ಕಿನ ತೊಲೆಗೆ ವರ್ಗಾಯಿಸುವುದೇ ರಿಪೇರಿಯ ಮೊದಲ ಹೆಜ್ಜೆ.

ಮೂರು, ಗೋಡೆಯ ಬುಡ. ನೆಲದಿಂದ ಮೂರಡಿಯವರೆಗೆ ಉಪ್ಪೆದ್ದು ಬಣ್ಣ ಉದುರುವುದನ್ನು ಕಂಡವರೆಲ್ಲ ಗೋಡೆ ಸತ್ತಿತು ಅನ್ನುತ್ತಾರೆ. ಸುಣ್ಣದ ಗೋಡೆ ನೆಲದ ತೇವ ಹೀರಿ, ಮೈಯಿಂದ ಆವಿಯಾಗಿ ಬಿಡುವ ಗೋಡೆ. ಅದರ ಮೇಲೆ ಸಿಮೆಂಟ್ ಗಿಲಾವು ಮಾಡಿ ಪ್ಲಾಸ್ಟಿಕ್ ಪೇಂಟು ಬಳಿದರೆ ತೇವ ಹೊರಬೀಳಲಾರದೆ ಮೇಲಕ್ಕೇರುತ್ತದೆ, ಜೊತೆಗೆ ಉಪ್ಪನ್ನೂ ಒಯ್ಯುತ್ತದೆ. ಸಿಮೆಂಟನ್ನು ಕೆತ್ತಿ ತೆಗೆದು, ಒಂದೆರಡು ಬೇಸಿಗೆ ಗೋಡೆಯನ್ನು ಆರಲು ಬಿಟ್ಟು, ಒಂದು ಪಾಲು ಹುದುಗಿದ ಸುಣ್ಣಕ್ಕೆ ಎರಡೂವರೆಯಿಂದ ಮೂರು ಪಾಲು ಮರಳು ಮತ್ತು ಸುರ್ಕಿ (ಇಟ್ಟಿಗೆ ಪುಡಿ) ಬೆರೆಸಿ ಗಿಲಾವು ಮಾಡಬೇಕು. ಹತ್ತು ದಿನವಾದರೂ ಗೋಣಿ ತಟ್ಟು ಹಾಕಿ ನೀರು ಚಿಮುಕಿಸಬೇಕು. ಗಡಿಬಿಡಿಯಲ್ಲಿ ಬಿಸಿಲಿಗೆ ಬಿಟ್ಟರೆ ಮೈಯೆಲ್ಲ ಕೂದಲೆಳೆ ಬಿರುಕು ಬರುತ್ತದೆ. ಆ ಬಿರುಕು ನೋಡಿ, ಸುಣ್ಣ ಸರಿಯಿಲ್ಲ, ಸಿಮೆಂಟೇ ಹಾಕೋಣ ಎಂದು ಮತ್ತೆ ಮೊದಲಿಗೇ ಬರುತ್ತಾರೆ.

ಕಟ್ಟಡಗಳೆಲ್ಲ ಉಳಿಯುತ್ತವೆ ಎಂದು ನಾವು ಹೇಳುತ್ತಿಲ್ಲ. ಅಡಿಪಾಯ ಕುಸಿದು, ಗೋಡೆ ನೇರ ತಪ್ಪಿ ಹೊರಕ್ಕೆ ವಾಲಿದ್ದರೆ, ಬಹುಪಾಲು ಜಂತೆಗಳ ಎರಡೂ ತುದಿ ಹೋಗಿದ್ದರೆ ಅಲ್ಲಿ ಜನರನ್ನು ಇರಿಸುವುದೇ ತಪ್ಪು. ಆದರೆ ಅದನ್ನು ನೋಡಿ ತೀರ್ಮಾನಿಸಬೇಕು. ಹೊರಗಿನಿಂದ ಪಾಚಿ ಹಿಡಿದ ಗೋಡೆ ನೋಡಿ ಶಿಥಿಲ ಎಂದು ಬರೆದುಬಿಡುವುದು ಪರಿಶೀಲನೆಯಲ್ಲ. ಈ ವಠಾರದ ಹಿಂದಿನ ನಾಲ್ಕು ಮನೆಗಳಿಗೆ ಬೇಕಾಗಿರುವುದು ಹೆಚ್ಚೆಂದರೆ ಹೆಂಚು ಕೂರುವ ಮರದ ರೀಪು ಬದಲಾಯಿಸಿ ಹೆಂಚು ಕೈಯಾಡಿಸುವ ಕೆಲಸ. ಚದರ ಮೀಟರಿಗೆ ಹದಿನೈದರಂತೆ ಹೆಂಚು ಲೆಕ್ಕ. ಕೆಡಹಿದ ಮನೆಗಳಿಂದ ಬಂದ ಹಳೆಯ ಹೆಂಚುಗಳೇ ಗುಜರಿಯಲ್ಲಿ ಧಾರಾಳವಾಗಿ ಸಿಗುತ್ತವೆ.

ಇನ್ನು ಕಾಗದಪತ್ರ. ವಠಾರ ಮಾರಾಟಕ್ಕೆ ಬರುವುದು ಸಾಮಾನ್ಯವಾಗಿ ಮೂರನೆಯ ತಲೆಮಾರಿನಲ್ಲಿ. ಅಜ್ಜ ಕಟ್ಟಿಸಿದ್ದು, ಮಕ್ಕಳು ಎಪ್ಪತ್ತರ ದಶಕದಲ್ಲೋ ಎಂಬತ್ತರಲ್ಲೋ ಬಿಳಿ ಹಾಳೆಯ ಮೇಲೆ ಪಾಲುಪಟ್ಟಿ ಬರೆದುಕೊಂಡದ್ದು, ಮೊಮ್ಮಕ್ಕಳಲ್ಲಿ ಕೆಲವರು ಹೊರದೇಶದಲ್ಲಿರುವುದು. ಆ ಪಾಲುಪಟ್ಟಿಯಲ್ಲಿ ಹೆಣ್ಣುಮಕ್ಕಳ ಸಹಿ ಇರುವುದಿಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ಕರ್ನಾಟಕದ ತಿದ್ದುಪಡಿ 1994ರ ಜುಲೈ 30ರಿಂದ ಜಾರಿಗೆ ಬಂತು. 2005ರ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಅದನ್ನು ವಿಸ್ತರಿಸಿತು. 2005ರಲ್ಲಿ ತಂದೆ ಬದುಕಿರಬೇಕಾಗಿಲ್ಲ, ಹುಟ್ಟಿನಿಂದಲೇ ಹಕ್ಕು ಎಂದು ಸುಪ್ರೀಂ ಕೋರ್ಟು 2020ರ ಆಗಸ್ಟ್‌ನಲ್ಲಿ ವಿನೀತಾ ಶರ್ಮ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗಪತ್ರ ಅಥವಾ ಕೋರ್ಟಿನ ಡಿಕ್ರಿ ಇದ್ದರೆ ಆ ಮಾತು ಬೇರೆ. ಬಿಳಿ ಹಾಳೆಯ ಪಾಲುಪಟ್ಟಿ ನಂಬಿ ಅಡ್ವಾನ್ಸ್ ಕೊಟ್ಟವರು ಕೋರ್ಟು ಅಲೆಯುತ್ತಾರೆ. ಆ ವರ್ಷಗಳಲ್ಲಿ ಮನೆಗೆ ಯಾರೂ ಒಂದು ಬೊಗಸೆ ಸುಣ್ಣವನ್ನೂ ಹಾಕುವುದಿಲ್ಲ. ಎಷ್ಟೋ ವಠಾರಗಳು ಬೀಳುವ ಸ್ಥಿತಿಗೆ ಬರುವುದು ವಯಸ್ಸಿನಿಂದಲ್ಲ, ವ್ಯಾಜ್ಯ ನಡೆದ ವರ್ಷಗಳಲ್ಲಿ ಸೋರಿದ ಮಳೆಯಿಂದ.

ಬಾಡಿಗೆದಾರರ ಸ್ಥಿತಿ ಇನ್ನೂ ಕಷ್ಟದ್ದು. ಕರ್ನಾಟಕ ಬಾಡಿಗೆ ಕಾಯ್ದೆ, 1999 ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಮನೆಗಳಿಗೆ ಅನ್ವಯವಾಗುವುದಿಲ್ಲ. ಇಂದು ಒಂದು ಕೋಣೆಯ ಬಾಡಿಗೆಯೂ ಅದನ್ನು ದಾಟಿದೆ. ಹಾಗೆ ದಾಟಿದವರೆಲ್ಲ 1882ರ ಸ್ವತ್ತು ವರ್ಗಾವಣೆ ಕಾಯ್ದೆಯ ಕೆಳಗೆ ಬರುತ್ತಾರೆ, ತಿಂಗಳ ಬಾಡಿಗೆಯವರಿಗೆ ಹದಿನೈದು ದಿನದ ನೋಟಿಸು ಸಾಕು. ಮಾಲೀಕರು ಬದಲಾದ ಮಾತ್ರಕ್ಕೆ ಬಾಡಿಗೆ ಕರಾರು ಮುರಿಯುವುದಿಲ್ಲ ಎಂದು ಅದೇ ಕಾಯ್ದೆಯ 109ನೇ ಕಲಮು ಹೇಳುತ್ತದೆ. ಆದರೆ ಅದನ್ನು ಅವರಿಗೆ ತಿಳಿಸುವವರಿಲ್ಲ.

ಎಲ್ಲಕ್ಕಿಂತ ಹೆಚ್ಚು ಏಟು ಬೀಳುವುದು ಲೀಸಿಗೆ ಇರುವವರಿಗೆ. ಬಾಡಿಗೆಯಿಲ್ಲ, ಇಡುಗಂಟು ಕೊಟ್ಟು ಎರಡು ಮೂರು ವರ್ಷ ಇರುವುದು, ಹೊರಡುವಾಗ ಪೂರ್ತಿ ವಾಪಸು ಪಡೆಯುವುದು, ಇದು ಬೆಂಗಳೂರಿನ ರೂಢಿ. ಒಂದು ವರ್ಷ ಮೀರಿದ ಲೀಸ್ ಕರಾರು ನೋಂದಣಿಯಾಗಲೇಬೇಕು, ಆದರೂ ಬಹುಪಾಲು ಛಾಪಾ ಕಾಗದದ ಮೇಲೆಯೇ ಮುಗಿದಿರುತ್ತವೆ. ನೋಂದಣಿ ಇಲ್ಲದ್ದರಿಂದ ಋಣಭಾರ ಪತ್ರದಲ್ಲಿ (ಇಸಿ) ಅವು ಬರುವುದಿಲ್ಲ. ಕೊಳ್ಳುವವರು ಮೂವತ್ತು ವರ್ಷದ ಇಸಿ ತೆಗೆಸಿ, ಯಾವ ಋಣವೂ ಇಲ್ಲ ಎಂದು ನಿಶ್ಚಿಂತರಾಗುತ್ತಾರೆ. ಅದೇ ಹೊತ್ತಿಗೆ ಹಿಂದಿನ ಮೂರನೇ ಮನೆಯವರ ಜೀವಮಾನದ ಉಳಿತಾಯ ಮಾರಿ ಹೋಗುತ್ತಿರುವ ಮಾಲೀಕರ ಕೈಯಲ್ಲಿರುತ್ತದೆ. ಕ್ರಯದ ದಿನ ಆ ಹಣ ಯಾರು ಕೊಡಬೇಕು ಎಂಬ ಸಾಲು ಕ್ರಯಪತ್ರದಲ್ಲಿ ಇಲ್ಲದಿದ್ದರೆ ಇಬ್ಬರೂ ಕೈ ತೋರಿಸುವುದು ಇನ್ನೊಬ್ಬರ ಕಡೆಗೆ.

ಅಕ್ಕಪಕ್ಕದವರ ಮಾತೂ ಇದೆ. ಈ ಸಾಲಿನ ಮನೆಗಳು ಒಂದೇ ಗೋಡೆಯನ್ನು ಎರಡು ಕಡೆಯಿಂದ ಹಂಚಿಕೊಂಡಿವೆ. ಒಂದು ಮನೆ ಕೆಡಹಿದಾಗ ಆ ಕೂಡುಗೋಡೆಯಲ್ಲಿ ಜಂತೆ ಕೂತಿದ್ದ ಗೂಡುಗಳೆಲ್ಲ ತೆರೆದುಕೊಳ್ಳುತ್ತವೆ, ಗಿಲಾವಿಲ್ಲದ ಮೈ ಮಳೆಗೆ ಸಿಗುತ್ತದೆ. ಇತ್ತ ಕಡೆಯ ಚಾವಣಿಯ ಒತ್ತಡ ತಡೆಯಲು ಅತ್ತ ಕಡೆ ಏನೂ ಉಳಿಯುವುದಿಲ್ಲ. ಹೊಸ ಕಟ್ಟಡಕ್ಕೆ ಕಾರು ನಿಲ್ಲಿಸಲು ಗಡಿಗೆ ಒತ್ತಿ ಹತ್ತಡಿ ನೆಲಮಾಳಿಗೆ ತೋಡಿದರೆ, ಮೂರು ನಾಲ್ಕು ಅಡಿ ಆಳದ ಸೈಜುಗಲ್ಲಿನ ಪಾಯದ ಮೇಲೆ ನಿಂತ ಪಕ್ಕದ ಮನೆಯ ಕೆಳಗಿನ ಮಣ್ಣು ಸಡಿಲವಾಗುತ್ತದೆ. ಕಿಟಕಿಯ ಮೂಲೆಯಿಂದ ಓರೆಯಾಗಿ ಏಳುವ ಬಿರುಕು ಅದರ ಮೊದಲ ಗುರುತು. ಆ ಬಿರುಕು ಮೊದಲೇ ಇತ್ತು ಎಂದು ಗುತ್ತಿಗೆದಾರರು ವಾದಿಸುತ್ತಾರೆ, ಇರಲಿಲ್ಲ ಎಂದು ತೋರಿಸಲು ಪಕ್ಕದವರ ಬಳಿ ಫೋಟೊ ಇರುವುದಿಲ್ಲ. ಹೀಗೆ ಒಂದು ಮನೆ ಹೋದ ಎರಡೇ ಮಳೆಗಾಲದಲ್ಲಿ ಪಕ್ಕದ್ದೂ ಶಿಥಿಲದ ಪಟ್ಟಿಗೆ ಸೇರುತ್ತದೆ.

ಮಾರುವವರನ್ನು ನಾವು ದೂರುತ್ತಿಲ್ಲ. ಆರು ಮನೆಯ ಬಾಡಿಗೆ ಕೂಡಿಸಿದರೂ ದೊಡ್ಡ ರಿಪೇರಿಗೆ ಸಾಲದು. ಮಂಜೂರಾದ ನಕ್ಷೆ ಇಲ್ಲದ್ದರಿಂದ ರಿಪೇರಿಗೆ ಬ್ಯಾಂಕಿನ ಸಾಲ ಸಿಗುವುದು ಕಷ್ಟ. ಹಳೆಯ ಮನೆಗೆ ಇಂದಿನ ಸೆಟ್‌ಬ್ಯಾಕ್ (ಗಡಿಯಿಂದ ಖಾಲಿ ಬಿಡಬೇಕಾದ ಜಾಗ) ನಿಯಮ ಹೊಂದದ್ದರಿಂದ ಮೇಲೆ ಒಂದು ಕೋಣೆ, ಹಿಂದೆ ಒಂದು ಶೌಚಾಲಯ ಸೇರಿಸಲೂ ದಾರಿಯಿಲ್ಲ. ಹೊಸದು ಕಟ್ಟಲು ದಾರಿಯಿದೆ, ಇದ್ದುದನ್ನು ಉಳಿಸಲು ದಾರಿಯಿಲ್ಲ. ಕೊಳ್ಳುವವರಲ್ಲಿ ಒಬ್ಬಿಬ್ಬರು ಉಳಿಸೋಣ ಎಂದು ಬಂದರೂ ಈ ಲೆಕ್ಕ ನೋಡಿ ಹಿಂದೆ ಸರಿಯುತ್ತಾರೆ.

ಆದ್ದರಿಂದ ನಮ್ಮ ಕೋರಿಕೆಗಳನ್ನು ನೇರವಾಗಿ ಇಡುತ್ತೇವೆ.

ಸುಣ್ಣ ಮತ್ತು ಮರದಲ್ಲಿ ಕಟ್ಟಿದ, ಎರಡಕ್ಕಿಂತ ಹೆಚ್ಚು ಸಂಸಾರಗಳಿರುವ ಯಾವುದೇ ಹಳೆಯ ಕಟ್ಟಡಕ್ಕೆ ಕೆಡಹುವ ಪರವಾನಗಿ ಕೊಡುವ ಮುನ್ನ ಇಂಥ ಕಟ್ಟಡಗಳ ಅನುಭವವಿರುವ ಎಂಜಿನಿಯರೊಬ್ಬರು ಒಳಗೆ ಹೋಗಿ ನೋಡಲಿ. ಪ್ರತಿ ಜಂತೆಯ ಎರಡೂ ತುದಿ, ಗೋಡೆಯ ನೇರ, ಪಾಯದ ಆಳ, ತಾರಸಿಯ ಮೇಲಿನ ಪದರಗಳು, ಇಷ್ಟನ್ನು ಅಳತೆ ಮತ್ತು ಫೋಟೊ ಸಮೇತ ದಾಖಲಿಸಲಿ. ಆರು ಮನೆಯ ವಠಾರಕ್ಕೆ ಇದು ಎರಡು ದಿನದ ಕೆಲಸ. ಕೊನೆಗೆ ಕೆಡಹಲೇಬೇಕಾಗಿ ಬಂದರೂ ಆ ಅಳತೆ ನಕ್ಷೆ ನಗರದ ದಾಖಲೆಯಲ್ಲಿ ಉಳಿಯುತ್ತದೆ.

ಅದೇ ಕಡತಕ್ಕೆ ವಾಸವಿರುವವರ ಪಟ್ಟಿ ಸೇರಲಿ: ಬಾಡಿಗೆಯೋ ಲೀಸೋ, ಇಡುಗಂಟು ಎಷ್ಟು, ಅದನ್ನು ಹಿಂತಿರುಗಿಸುವ ಹೊಣೆ ಯಾರದು. ಪ್ರತಿ ಮನೆಯವರ ಸಹಿ ಇರಲಿ. ಮೀಟರು ಹಲಗೆಯ ಆರ್‌ಆರ್ ನಂಬರುಗಳನ್ನು ಆ ಪಟ್ಟಿಗೆ ತಾಳೆ ನೋಡಿದರೆ ಯಾವ ಸಂಸಾರವೂ ಬಿಟ್ಟುಹೋಗುವುದಿಲ್ಲ.

ಪಕ್ಕದ ಮನೆಗಳ ಒಳಗೋಡೆಗಳ ಫೋಟೊ ಕೆಲಸ ಶುರುವಾಗುವ ಮುನ್ನವೇ ಎರಡೂ ಕಡೆಯವರ ಎದುರು ತೆಗೆಯಬೇಕು. ಕೂಡುಗೋಡೆಗೆ ಆನಿಕೆ ಕೊಟ್ಟು, ಜಂತೆ ಗೂಡುಗಳನ್ನು ಇಟ್ಟಿಗೆ ಗಾರೆಯಲ್ಲಿ ತುಂಬಿ, ತೆರೆದ ಮೈಗೆ ಸುಣ್ಣದ ಗಿಲಾವು ಮಾಡಿದ ಮೇಲಷ್ಟೇ ನೆಲ ಅಗೆಯಲು ಬಿಡಬೇಕು. ಕೂಡುಗೋಡೆ ಇರುವ ಕಡೆ ಗಡಿಗೆ ಒತ್ತಿ ನೆಲಮಾಳಿಗೆ ಬೇಡ.

ಉಳಿಸುವವರಿಗೆ ಲಾಭ ಕಾಣುವಂತೆ ಮಾಡುವುದು ನಿಮ್ಮ ಕೈಯಲ್ಲಿದೆ. ಈ 3,600 ಚದರಡಿಯ ಸೈಟಿಗೆ ಎಫ್‌ಎಆರ್ 1.75, ಅಂದರೆ ಸೈಟಿನ ಅಳತೆಯ 1.75 ಪಟ್ಟು ಕಟ್ಟಲು ಅನುಮತಿ, ಎಂದಿಟ್ಟುಕೊಳ್ಳಿ, 6,300 ಚದರಡಿ ಕಟ್ಟಬಹುದು. ಈಗಿರುವುದು 2,700 ಚದರಡಿ. ಉಳಿದ 3,600 ಚದರಡಿಯ ಹಕ್ಕನ್ನು ಬೇರೆ ಕಡೆ ಕಟ್ಟುವವರಿಗೆ ಮಾರಲು ಟಿಡಿಆರ್ (ವರ್ಗಾಯಿಸಬಹುದಾದ ಅಭಿವೃದ್ಧಿ ಹಕ್ಕು) ರೂಪದಲ್ಲಿ ಕೊಟ್ಟರೆ, ಆ ಹಣದಲ್ಲೇ ತಾರಸಿಯೂ ಆಗುತ್ತದೆ, ಮನೆಗೊಂದು ಶೌಚಾಲಯವೂ ಆಗುತ್ತದೆ. ಮುಂಬಯಿ ತನ್ನ ಪಾರಂಪರಿಕ ಕಟ್ಟಡಗಳ ನಿಯಮದಲ್ಲಿ 1995ರಲ್ಲೇ ಇಂಥ ಅವಕಾಶ ಇಟ್ಟಿತು. ಇಲ್ಲಿ ಅದನ್ನು ಅರಮನೆ, ಕಚೇರಿಗಳಂಥ ದೊಡ್ಡ ಕಟ್ಟಡಗಳಿಗಷ್ಟೇ ಯೋಚಿಸಬೇಡಿ. ವಠಾರವನ್ನೂ ಸೇರಿಸಿ, ಇಪ್ಪತ್ತು ವರ್ಷ ಕೆಡಹುವುದಿಲ್ಲ ಎಂಬ ನೋಂದಾಯಿತ ಕರಾರಿನ ಮೇಲೆ ಕೊಡಿ. ಜಂತೆ ದುರಸ್ತಿ, ಹೆಂಚು ಬದಲಾವಣೆ, ಸುಣ್ಣದ ಗಿಲಾವು, ಒಳಗೊಂದು ಶೌಚಾಲಯ, ಇಷ್ಟಕ್ಕೆ ಒಂದು ಪುಟದ ಅರ್ಜಿ, ಮೂವತ್ತು ದಿನದ ಗಡುವು ಗೊತ್ತುಮಾಡಿ. ಆ ಅನುಮತಿ ಪತ್ರವನ್ನು ಸಾಲಕ್ಕೆ ದಾಖಲೆಯಾಗಿ ಒಪ್ಪುವಂತೆ ಬ್ಯಾಂಕುಗಳೊಂದಿಗೆ ಮಾತಾಡಿ.

ಇವೆಲ್ಲ ಆದೇಶವಾಗಿ ಹೊರಬರಲು ಸಮಯ ಹಿಡಿಯುತ್ತದೆ ಎಂದು ಬಲ್ಲೆವು. ಕಾಯಲಾಗದ ಕೆಲಸ ಒಂದಿದೆ. ಈ ವಠಾರದ ಮುಂದಿನ ಮನೆಯ ತಾರಸಿಯ ಅಂಚಿನ ಕೈಪಿಡಿ ಗೋಡೆಯಲ್ಲಿ, ಮಳೆನೀರು ಹೊರಹೋಗುವ ದೋಣಿಯ ಪಕ್ಕ, ಮೂರಡಿ ಎತ್ತರದ ಅರಳಿ ಸಸಿ ನಿಂತಿದೆ. ಅದರ ಬೇರು ದೋಣಿಯೊಳಗೆ ಇಳಿದು, ಮಳೆ ಬಂದಾಗ ನೀರು ತಾರಸಿಯ ಮೇಲೇ ನಿಲ್ಲುತ್ತಿದೆ. ಮೇಲಿನಿಂದ ಕತ್ತರಿಸಿದರೆ ಮತ್ತೆ ಚಿಗುರುತ್ತದೆ. ಎರಡು ವರಸೆ ಇಟ್ಟಿಗೆ ಬಿಚ್ಚಿ, ಬೇರು ಪೂರ್ತಿ ತೆಗೆದು, ಸುಣ್ಣದಲ್ಲಿ ಮತ್ತೆ ಕಟ್ಟಬೇಕು. ಒಬ್ಬ ಮೇಸ್ತ್ರಿ, ಒಬ್ಬ ಕೈಯಾಳು, ಒಂದು ದಿನ. ಮಾರಾಟದ ಮಾತು ನಡೆಯುತ್ತಿರುವುದರಿಂದ ಮಾಲೀಕರು ಮುಟ್ಟುತ್ತಿಲ್ಲ, ಹೊರಹಾಕುತ್ತಾರೆಂಬ ಭಯದಿಂದ ಬಾಡಿಗೆದಾರರೂ ಮುಟ್ಟುತ್ತಿಲ್ಲ. ಮಾಲೀಕರು ಮಾಡಬೇಕಾದ ರಿಪೇರಿಯನ್ನು ನೋಟಿಸು ಕೊಟ್ಟ ಮೇಲೂ ಮಾಡದಿದ್ದರೆ ಬಾಡಿಗೆದಾರರೇ ಮಾಡಿಸಿ ಬಾಡಿಗೆಯಲ್ಲಿ ಕಳೆದುಕೊಳ್ಳಲು ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಮಿನಲ್ಲಿ ಅವಕಾಶವಿದೆ. ಮಾರಾಟದಲ್ಲಿರುವ ಮನೆಗಳಿಗೂ ಇದು ಅನ್ವಯಿಸುತ್ತದೆ, ಇಂಥ ತುರ್ತು ಕೆಲಸಕ್ಕೆ ಪಾಲಿಕೆಯ ಅಡ್ಡಿಯಿಲ್ಲ ಎಂದು ನಿಮ್ಮ ವಾರ್ಡ್ ಕಚೇರಿಯಿಂದ ಒಂದು ಲಿಖಿತ ಪತ್ರ ಕೊಡಿಸಿ. ಮುಂಗಾರಿಗೆ ಮೊದಲು ಆ ಸಸಿ ಕೀಳಬೇಕು.

ತಮ್ಮ ವಿಶ್ವಾಸಿಗಳು,
ಹಳೆಯ ಮನೆಗಳ ದುರಸ್ತಿ ಹಾಗೂ ದಾಖಲೆ ಪರಿಶೀಲನೆಯಲ್ಲಿ ತೊಡಗಿರುವವರು,
ಚಾಮರಾಜಪೇಟೆ, ಬೆಂಗಳೂರು